ಕೆಲಸವಿರುವ ಟೆಲಿಸ್ಕೋಪನ್ನು ಉಳಿಸಿಕೊ

ಕೊಳ್ಳೇಗಾಲದ ತೊಟ್ಟಿಮನೆ ಪಾಲಾಗಿ ನಿನ್ನ ಭಾಗಕ್ಕೆ ಮಹಡಿಯ ಎರಡು ಕೋಣೆಯೂ ಮೇಲಿನ ತಾರಸಿಯೂ ಬಂದಿವೆಯಂತೆ. ನಿನ್ನ ದೊಡ್ಡಪ್ಪ ಜೀವಮಾನವೆಲ್ಲ ಕೂಡಿಸಿಟ್ಟ ಹಳೆಯ ಟೆಲಿಸ್ಕೋಪುಗಳು ಅಷ್ಟು ಜಾಗದಲ್ಲಿ ಹಿಡಿಯುವುದಿಲ್ಲ. ‘ಮೇಷ್ಟ್ರೇ, ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?’ ಎಂದು ಕೇಳಿದೆ. ಒಂದನ್ನು ಬಿಟ್ಟರೂ ದೊಡ್ಡಪ್ಪನಿಗೆ ದ್ರೋಹ ಬಗೆದಂತಾಗುತ್ತದೆ ಎಂಬ ಸಂಕಟ ನಿನ್ನ ದನಿಯಲ್ಲಿತ್ತು. ಮೊದಲು ಆ ಸಂಕಟಕ್ಕೆ ಉತ್ತರ ಹೇಳುತ್ತೇನೆ. ಒಂದೊಂದೇ ಟೆಲಿಸ್ಕೋಪಿನ ವಿಚಾರ ಆಮೇಲೆ.

ನಿನ್ನ ದೊಡ್ಡಪ್ಪ ಅವನ್ನು ಕೊಂಡದ್ದು ಆಕಾಶ ನೋಡಲಿಕ್ಕೆ. ಯಾವ ಟೆಲಿಸ್ಕೋಪು ತಿಂಗಳಿಗೊಮ್ಮೆಯಾದರೂ ತಾರಸಿಗೆ ಹೋಗಿ ಬರುತ್ತದೋ ಅದರಲ್ಲಿ ಅವರ ಆಸೆ ಬದುಕಿರುತ್ತದೆ. ಅಟ್ಟದ ಮೇಲೆ ಕಂಬಳಿ ಹೊದ್ದು ಮಲಗಿದ್ದರಲ್ಲಿ ಬೂಷ್ಟು ಬೆಳೆಯುತ್ತದೆ. ಆದ್ದರಿಂದ ‘ಇದು ಎಷ್ಟು ಹಳೆಯದು, ಎಷ್ಟು ಬೆಲೆಯದು’ ಎಂದು ಮೊದಲೇ ಕೇಳಬೇಡ. ‘ನನ್ನ ತಾರಸಿಯಲ್ಲಿ, ನನ್ನೂರ ಆಕಾಶದ ಕೆಳಗೆ ಇದಕ್ಕೇನು ಕೆಲಸವಿದೆ?’ ಎಂದು ಕೇಳು. ಕೆಲಸವಿರುವುದನ್ನು ಉಳಿಸಿಕೊ. ಇಲ್ಲಿ ಕೆಲಸವಿಲ್ಲದೆ ಬೇರೆ ಕಡೆ ಕೆಲಸವಿರುವುದನ್ನು ಅಲ್ಲಿಗೆ ಕಳಿಸು.

ದೊಡ್ಡ ವೀಕ್ಷಣಾಲಯಗಳೂ ಹೀಗೆಯೇ ನಡೆದುಕೊಂಡಿವೆ. 1956ರವರೆಗೆ ನಮ್ಮ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಮದ್ರಾಸಿನಲ್ಲಿ 1792ರಲ್ಲಿ ಕಟ್ಟಿದ ಖಗೋಳ ವೀಕ್ಷಣಾಲಯವಿತ್ತು. ಪ್ಯಾರಿಸಿನ ಲೆರಬೂರ್ ಮತ್ತು ಸೆಕ್ರೆತಾನ್ ಕಂಪನಿ ಮಾಡಿದ ಆರು ಇಂಚಿನ ಮಸೂರದ ದೂರದರ್ಶಕವೊಂದು 1850ರ ಹೊತ್ತಿಗೆ ಅಲ್ಲಿಗೆ ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮದ್ರಾಸಿನ ಖಗೋಳದ ಕೆಲಸ ಕೊಡೈಕೆನಾಲಿಗೆ ವರ್ಗವಾದಾಗ ಇದನ್ನು ಗಾಜಿನ ಬೀರುವಿನಲ್ಲಿಡಲಿಲ್ಲ. ಟೆಲಿಸ್ಕೋಪು ತಯಾರಿಸುವ ಗ್ರಬ್ ಕಂಪನಿಯ ಕೈಯಲ್ಲಿ ಅದನ್ನು ಹೊಸದಾಗಿ ಸಜ್ಜುಗೊಳಿಸಿ ಸೂರ್ಯನ ಚಿತ್ರ ತೆಗೆಯುವ ಕೆಲಸಕ್ಕೆ ಹಚ್ಚಿದರು. ಮೋಡವಿಲ್ಲದ ದಿನಗಳಲ್ಲೆಲ್ಲ ತೆಗೆದ ಆ ಚಿತ್ರಗಳು ನೂರು ವರ್ಷ ದಾಟಿದ ದಾಖಲೆಯಾಗಿ ಇಂದಿಗೂ ವಿಜ್ಞಾನಿಗಳಿಗೆ ಬೇಕಾಗಿವೆ. ಹಳೆಯ ಮಸೂರಕ್ಕೆ ಹೊಸ ಕೆಲಸ ಸಿಕ್ಕಿತು, ಅದಕ್ಕೇ ಅದು ಉಳಿಯಿತು. ನೀನೂ ಅದನ್ನೇ ಮಾಡಬೇಕು.

ಈಗ ನಮ್ಮೂರ ಆಕಾಶವನ್ನು ನೋಡು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಉತ್ತರ ಅಕ್ಷಾಂಶ 12 ಡಿಗ್ರಿಯ ಆಸುಪಾಸಿನಲ್ಲಿವೆ. ಯುರೋಪು, ಅಮೆರಿಕ, ಜಪಾನುಗಳಲ್ಲಿ ತಯಾರಾದ ಹಳೆಯ ಟೆಲಿಸ್ಕೋಪಿನ ಯೋಗ್ಯತೆ ನಮ್ಮಲ್ಲಿ ತೀರ್ಮಾನವಾಗುವುದು ಬಹುಪಾಲು ಈ 12ರಿಂದಲೇ. ಭೂಮಿ ತಿರುಗಿದಂತೆ ನಕ್ಷತ್ರದ ಹಿಂದೆ ತಿರುಗುವ ಸ್ಟ್ಯಾಂಡಿನ ಅಕ್ಷ ಧ್ರುವನಕ್ಷತ್ರದತ್ತ ಮುಖಮಾಡಿರಬೇಕು. ಅಂದರೆ ನಮ್ಮಲ್ಲಿ ಆ ಅಕ್ಷ ನೆಲಮಟ್ಟದಿಂದ 12 ಡಿಗ್ರಿಯಷ್ಟೇ ಮೇಲೇಳಬೇಕು. ಉತ್ತರದ ದೇಶಗಳಿಗೆಂದು ಮಾಡಿದ ಎಷ್ಟೋ ಸ್ಟ್ಯಾಂಡುಗಳು ಅಷ್ಟು ಕೆಳಗೆ ಬಾಗುವುದೇ ಇಲ್ಲ; ಬಾಗಿದರೂ ಎದುರುಭಾರದ ಕಂಬಿ ಮುಕ್ಕಾಲಿಯ ಕಾಲಿಗೆ ಬಡಿಯುತ್ತದೆ. ಮೇಲಾಗಿ ಧ್ರುವನಕ್ಷತ್ರ ನಮ್ಮಲ್ಲಿ ತೆಂಗಿನ ಗರಿಯ ಹಿಂದೆ, ಎದುರು ಮನೆಯ ನೀರಿನ ತೊಟ್ಟಿಯ ಹಿಂದೆ ಮರೆಯಾಗಿರುತ್ತದೆ. ಹಾಗಾಗಿ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಸರಾಗವಾಗಿ ತಿರುಗುವ ಸರಳ ಸ್ಟ್ಯಾಂಡಿನದೇ ನಮಗೆ ಒಗ್ಗುತ್ತದೆ. ಸ್ಟ್ಯಾಂಡು ಎಷ್ಟೇ ಅಂದವಾಗಿರಲಿ, ಅಕ್ಷವನ್ನು 12ಕ್ಕೆ ಇಳಿಸಿ ನೋಡದೆ ಇಟ್ಟುಕೊಳ್ಳಬೇಡ.

ಇದೇ 12 ನಮಗೊಂದು ದೊಡ್ಡ ಭಾಗ್ಯವನ್ನೂ ಕೊಟ್ಟಿದೆ. ಮಹಾವ್ಯಾಧ ನಮಗೆ ಹೆಚ್ಚುಕಡಿಮೆ ನೆತ್ತಿಯ ಮೇಲೇ ಬರುತ್ತಾನೆ. ಗುರು, ಶನಿಗಳೂ ಲಂಡನ್ನಿನವರಿಗೆ ಕಾಣುವುದಕ್ಕಿಂತ ಎಷ್ಟೋ ಎತ್ತರದಲ್ಲಿ, ತಿಳಿಯಾದ ಗಾಳಿಯಲ್ಲಿ ಕಾಣುತ್ತವೆ. ದಕ್ಷಿಣಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲಿನ ಮೇಲೆ ಅವರು ಕಾಣಲಾರದ ಒಂದು ಆಕಾಶವೇ ತೆರೆದುಕೊಳ್ಳುತ್ತದೆ. ಏಪ್ರಿಲ್ ಕೊನೆಯ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ದಕ್ಷಿಣಕ್ಕೆ ತಿರುಗಿ ನಿಂತರೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗಳ ದೊಡ್ಡ ಗೋಳಗುಚ್ಛ 30 ಡಿಗ್ರಿ ಎತ್ತರದಲ್ಲಿರುತ್ತದೆ. ನಡುರಾತ್ರಿಯ ಹೊತ್ತಿಗೆ ಆಲ್ಫಾ ಸೆಂಟಾರಿ 17 ಡಿಗ್ರಿಗೆ ಏರುತ್ತದೆ. ಅದು ಒಂದಲ್ಲ, ಎರಡು ಸೂರ್ಯರ ಜೋಡಿ ಎಂದು ಮೊದಲು ಕಂಡದ್ದು ಪಾಂಡಿಚೇರಿಯಲ್ಲಿ. 1689ರ ಡಿಸೆಂಬರಿನಲ್ಲಿ ಧೂಮಕೇತುವೊಂದನ್ನು ನೋಡುತ್ತಿದ್ದ ಪಾದ್ರಿ ರಿಶೋ ಅದನ್ನು ಗುರುತಿಸಿದರು. ನಿನ್ನ ಚಿಕ್ಕ ಟೆಲಿಸ್ಕೋಪಿನಲ್ಲೂ ಆ ಜೋಡಿ ಬೇರೆ ಬೇರೆಯಾಗಿ ಕಾಣುತ್ತದೆ; ಅವುಗಳ ನಡುವಿನ ಅಂತರ ಹಿಗ್ಗುತ್ತಿರುವ ವರ್ಷಗಳು ಇವು. ನಮ್ಮಿಂದ 200 ಕಿಲೋಮೀಟರಿನೊಳಗೆ, ಹೆಚ್ಚುಕಡಿಮೆ ನಮ್ಮದೇ ಅಕ್ಷಾಂಶದಲ್ಲಿರುವ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ ಖಗೋಳವಿಜ್ಞಾನಿ ವೈನು ಬಾಪು ಅವರು ವೀಕ್ಷಣಾಲಯ ಕಟ್ಟಿದ್ದಕ್ಕೆ ಈ ದಕ್ಷಿಣದ ಆಕಾಶವೂ ಒಂದು ಕಾರಣ. ಅಂಥ ಆಕಾಶ ನಿನ್ನ ತಾರಸಿಯ ಮೇಲೇ ಇದೆ. ನೀನು ಇಟ್ಟುಕೊಳ್ಳುವ ಟೆಲಿಸ್ಕೋಪು ದಕ್ಷಿಣಕ್ಕೆ ತಗ್ಗಿಯೂ ನೋಡಬೇಕು, ನೆತ್ತಿಗೆ ಎತ್ತಿಯೂ ನೋಡಬೇಕು.

ಈ ಎರಡು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಕೋಣೆಯೊಳಗೆ ಬಾ.

ಮೊದಲು ಹಿತ್ತಾಳೆಯ ದುರ್ಬೀನು. ಎಲ್ಲರ ಕಣ್ಣು ಬೀಳುವುದು ಅದರ ಮೇಲೆ, ಪಾಲಿನ ಹೊತ್ತಿನಲ್ಲಿ ಜಗಳ ಹುಟ್ಟುವುದೂ ಅದಕ್ಕೇ. ಅದರ ಮೇಲೆ ‘ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917’ ಎಂದು ಕೆತ್ತಿದೆ ಎಂದೆಯಲ್ಲ, ಕೆಲ್ವಿನ್ ಅವರ ಕಂಪನಿಯೂ ಹ್ಯೂಸ್ ಅವರ ಕಂಪನಿಯೂ ಒಂದಾದದ್ದೇ 1947ರಲ್ಲಿ. 1917ರಲ್ಲಿ ಆ ಹೆಸರಿನ ಕಂಪನಿಯೇ ಇರಲಿಲ್ಲ. ಇಂಥವು ಅಲಂಕಾರಕ್ಕೆಂದು ಈಚೆಗೆ ನಮ್ಮ ದೇಶದಲ್ಲೇ ರಾಶಿ ರಾಶಿ ತಯಾರಾದ ಪ್ರತಿಗಳು. ಇದಕ್ಕಾಗಿ ಅಣ್ಣತಮ್ಮಂದಿರ ಮನಸ್ಸು ಕೆಡಬಾರದು. ಕೇಳಿದವರಿಗೆ ನಗುನಗುತ್ತಾ ಕೊಡು, ಅವರ ನಡುಮನೆಯಲ್ಲಿ ಅಂದವಾಗಿ ಕೂರುತ್ತದೆ. ಹಳೆಯದೆಂದು ಹೇಳಿ ಮಾತ್ರ ಯಾರಿಗೂ ಮಾರಬೇಡ.

ಎರಡನೆಯದು ಕಿತ್ತಳೆ ಬಣ್ಣದ ಎಂಟು ಇಂಚಿನ ಸೆಲೆಸ್ಟ್ರಾನ್. 1970ರ ದಶಕದ ಹೆಸರಾಂತ ಮಾದರಿ. ಅದರಲ್ಲಿ ಶನಿಯ ಉಂಗುರ ನೋಡಿದವರು ಮರೆಯುವುದಿಲ್ಲ. ಆದರೆ ನಿನ್ನ ತಾರಸಿಯಲ್ಲಿ ಅದಕ್ಕೆ ಎರಡು ತೊಡಕು. ಒಂದು, ಅದರ ಬೆಣೆಯಾಕಾರದ ಪೀಠವನ್ನು 12 ಡಿಗ್ರಿಗೆ ಬಾಗಿಸಿದರೆ ಇಡೀ ಭಾರ ಮುಕ್ಕಾಲಿಯ ಒಂದೇ ಪಕ್ಕಕ್ಕೆ ಜೋತುಬೀಳುತ್ತದೆ. ಎರಡು, ಮೋಟಾರು. ಅದು ಅಮೆರಿಕದ 115 ವೋಲ್ಟ್, 60 ಹರ್ಟ್ಸ್ ಕರೆಂಟಿಗೆ ಮಾಡಿದ್ದು. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜು ಇಳಿಯುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಆಗ ಗಂಟೆಗೆ 15 ಡಿಗ್ರಿ ತಿರುಗಬೇಕಾದ ಟೆಲಿಸ್ಕೋಪು ಹನ್ನೆರಡೂವರೆ ಡಿಗ್ರಿ ತಿರುಗುತ್ತದೆ, ನೋಡುತ್ತಿರುವ ನಕ್ಷತ್ರ ಅಂಚಿಗೆ ಜಾರಿ ಮರೆಯಾಗುತ್ತದೆ. 60 ಹರ್ಟ್ಸ್ ಕೊಡುವ ಇನ್ವರ್ಟರ್ ಜೋಡಿಸಬಲ್ಲವರಿಗೆ, ನೆಲಮಟ್ಟದಲ್ಲಿ ಕಾಯಂ ಕಂಬ ನೆಡಲು ಜಾಗವಿರುವವರಿಗೆ ಅದು ಬಂಗಾರ. ಅಂಥ ಹವ್ಯಾಸಿಯನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುಡುಕಿ ನ್ಯಾಯವಾದ ಬೆಲೆಗೆ ಮಾರು. ತೊಡಕುಗಳನ್ನು ಮುಚ್ಚಿಡದೆ ಹೇಳಿ ಮಾರು. ಮುಂದಿರುವ ಗಾಜಿನ ತಟ್ಟೆಯನ್ನು ಕಳಚಿ ಒರೆಸುವ ಸಾಹಸ ಮಾತ್ರ ಬೇಡ. ಒಳಗಿನ ಕನ್ನಡಿಗೆ ಹೊಂದುವಂತೆ ಅದನ್ನು ಒಂದೇ ದಿಕ್ಕಿನಲ್ಲಿ ಕೂರಿಸಿರುತ್ತಾರೆ.

ಮೂರನೆಯದು 60 ಮಿಲಿಮೀಟರಿನ ಜಪಾನಿನ ಟಾಸ್ಕೋ. ಇದನ್ನು ಹಗುರವಾಗಿ ಕಾಣಬೇಡ. ಆ ಕಾಲದ ಜಪಾನಿನ ಮಸೂರಗಳು ಬಹುಪಾಲು ಚೆನ್ನಾಗಿರುತ್ತವೆ; ಕೆಟ್ಟದ್ದು ಅಲುಗಾಡುವ ಸ್ಟ್ಯಾಂಡು ಮತ್ತು ಕಣ್ಣಿಟ್ಟು ನೋಡುವ ಕಿರಿದಾದ ಐಪೀಸುಗಳು. ಐಪೀಸಿನ ಅಳತೆ 24.5 ಮಿಲಿಮೀಟರು; ಇಂದು ಅಂಗಡಿಯಲ್ಲಿ ಸಿಗುವವು 31.7ರವು. ನಡುವೆ ಹಾಕುವ ಒಂದು ಅಡಾಪ್ಟರ್ ತರಿಸಿದರೆ ಆ ಕೊರತೆ ನೀಗುತ್ತದೆ. ಚಂದ್ರನ ಕುಳಿಗಳು, ಗುರುವಿನ ನಾಲ್ಕು ಉಪಗ್ರಹಗಳು, ಚಂದ್ರನಂತೆ ಶುಕ್ರನೂ ತೋರುವ ವೃದ್ಧಿಕ್ಷಯಗಳು ಇದರಲ್ಲಿ ಚೆನ್ನಾಗಿ ಕಾಣುತ್ತವೆ. ಮಕ್ಕಳ ಕೈಗೆ ಇದು ಹೇಳಿ ಮಾಡಿಸಿದ್ದು, ಹಾಗಾಗಿ ಇದರ ಜಾಗ ಶಾಲೆ. ಕೊಡುವ ಮೊದಲು ಪೆಟ್ಟಿಗೆಯನ್ನೊಮ್ಮೆ ಸೋಸು. ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜಿನ ‘ಸನ್’ ಫಿಲ್ಟರ್ ಸಿಕ್ಕರೆ ಅಲ್ಲೇ ಕಲ್ಲಿನಿಂದ ಜಜ್ಜಿ ಎಸೆ. ಸೂರ್ಯನ ಶಾಖವೆಲ್ಲ ಆ ಚೂರು ಗಾಜಿನ ಮೇಲೆ ಬಿದ್ದು ಅದು ಹಠಾತ್ತನೆ ಬಿರುಕು ಬಿಡುತ್ತದೆ, ಮರುಕ್ಷಣ ಮಗುವಿನ ಕಣ್ಣು ಹೋಗುತ್ತದೆ. 2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣವಿದೆ. ಅಂಥ ದಿನಗಳಲ್ಲೇ ಅಟ್ಟದ ಪೆಟ್ಟಿಗೆಗಳು ಕೆಳಗಿಳಿಯುವುದು. ಈ ಒಂದು ವಿಷಯದಲ್ಲಿ ನನ್ನ ಮಾತು ಮೀರಬೇಡ ಕಣಪ್ಪಾ.

ನಾಲ್ಕನೆಯದು ರಷ್ಯಾದ ‘ಮಿಜಾರ್’. ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ತಯಾರಾದ 110 ಮಿಲಿಮೀಟರ್ ಕನ್ನಡಿಯ ಗಟ್ಟಿಮುಟ್ಟಾದ ಟೆಲಿಸ್ಕೋಪು. ಮಿಜಾರ್ ಎಂದರೆ ನಮ್ಮ ವಸಿಷ್ಠ. ಅದೇ ಕಾರ್ಖಾನೆಯ 65 ಮಿಲಿಮೀಟರಿನ ಚಿಕ್ಕ ಮಾದರಿಗೆ ಆಲ್ಕಾರ್, ಅಂದರೆ ಅರುಂಧತಿಯ ಹೆಸರಿತ್ತು. ಮದುವೆಯ ದಿನ ವಧೂವರರಿಗೆ ತೋರಿಸುವ ಆ ಜೋಡಿಯಲ್ಲಿ ವಸಿಷ್ಠನೊಬ್ಬನೇ ಈ ಟೆಲಿಸ್ಕೋಪಿನಲ್ಲಿ ಎರಡು ನಕ್ಷತ್ರವಾಗಿ ಒಡೆದು ಕಾಣುತ್ತಾನೆ. ಇದೊಂದನ್ನು ತೋರಿಸಿದರೂ ಸಾಕು, ಊರಿನ ಮಕ್ಕಳು ಆಕಾಶಕ್ಕೆ ಮನಸೋಲುತ್ತಾರೆ. ಒಬ್ಬರೇ ಎತ್ತಿಡಬಹುದಾದಷ್ಟು ತೂಕ, ಬೇಗ ಕೆಡದ ಕಟ್ಟು. ಇದು ಕೂಡ ಶಾಲೆಗೇ ಸಲ್ಲಬೇಕು. ಯಾವ ಶಾಲೆಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ಉಳಿದವು ಎರಡು. ನೀನು ಇಟ್ಟುಕೊಳ್ಳಬೇಕಾದವು ಆ ಎರಡೇ ಎಂಬುದು ನನ್ನ ಅಭಿಪ್ರಾಯ.

ಒಂದು, ಮೂರು ಇಂಚಿನ ಯುನಿಟ್ರಾನ್. ಸಂಗಮದೂರ 1200 ಮಿಲಿಮೀಟರು, ನಾಲ್ಕು ಅಡಿ ಉದ್ದದ ಬಿಳಿ ಕೊಳವೆ. ಈ ಉದ್ದವೇ ಅದರ ಗುಣ. ಹಳೆಯ ಎರಡು ಗಾಜಿನ ಮಸೂರದಲ್ಲಿ ಎಲ್ಲ ಬಣ್ಣಗಳೂ ಒಂದೇ ಕಡೆ ಕೂಡದೆ ಅಂಚಿನಲ್ಲಿ ನೇರಳೆ ಛಾಯೆ ಕಾಣುವ ದೋಷವಿದೆ. ಕೊಳವೆ ಉದ್ದವಿದ್ದಷ್ಟೂ ಆ ದೋಷ ಅಡಗುತ್ತದೆ. ಹೀಗಾಗಿ ಚಂದ್ರ, ಗ್ರಹಗಳು, ಜೋಡಿ ನಕ್ಷತ್ರಗಳು ಇದರಲ್ಲಿ ಕೊರೆದಿಟ್ಟಂತೆ ಕಾಣುತ್ತವೆ. ಅಭಿಜಿತ್ ನಕ್ಷತ್ರದ ಪಕ್ಕದಲ್ಲಿ ಎಪ್ಸಿಲಾನ್ ಲೈರೇ ಎಂಬ ಜೋಡಿಯಿದೆ. ಆ ಜೋಡಿಯ ಒಂದೊಂದೂ ಮತ್ತೆ ಜೋಡಿ. ಗಾಳಿ ನಿಂತ ರಾತ್ರಿ ನಾಲ್ಕೂ ಬೇರೆ ಬೇರೆಯಾಗಿ ಕಂಡರೆ ನಿನ್ನ ಮಸೂರ ನೂರಕ್ಕೆ ನೂರು ಸರಿಯಿದೆ ಎಂದು ತಿಳಿ. ಜತೆಗೆ ಬಂದ ಹಳೆಯ ಹೈಗೆನ್ಸ್ ಐಪೀಸುಗಳನ್ನು ಎಸೆಯಬೇಡ. ಅವುಗಳಲ್ಲಿ ಅಂಟಿಸಿದ ಗಾಜಿಲ್ಲ, ಆದ್ದರಿಂದ ಸೂರ್ಯನ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿ ಕಲೆಗಳನ್ನು ಹತ್ತು ಮಂದಿಗೆ ಒಟ್ಟಿಗೆ ತೋರಿಸಲು ಅವೇ ತಕ್ಕವು. ಹಾಗೆ ಮಾಡುವಾಗ ಯಾರೂ ಐಪೀಸಿಗೆ ಕಣ್ಣಿಡದಂತೆ ಪಕ್ಕದಲ್ಲೇ ನಿಂತಿರಬೇಕು, ಚಿಕ್ಕ ಅನ್ವೇಷಕ ಕೊಳವೆಯ ಬಾಯಿ ಮುಚ್ಚಿರಬೇಕು. ಇದಕ್ಕೊಂದು ಎತ್ತರದ ಮುಕ್ಕಾಲಿ ಬೇಕು. ನೆತ್ತಿಯ ಮೇಲಿನ ಮಹಾವ್ಯಾಧನನ್ನು ನೋಡುವಾಗ ಇಂಥ ಉದ್ದ ಕೊಳವೆಯ ಐಪೀಸು ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತದೆ.

ಇನ್ನೊಂದು, ದೊಡ್ಡಪ್ಪ ತಾವೇ ಉಜ್ಜಿ ಮಾಡಿದ ಆರು ಇಂಚಿನ ಕನ್ನಡಿ. ಕನ್ನಡಿಯ ಮೇಲಿನ ಹೊಳಪು ಹೋಗಿ ಮಬ್ಬಾಗಿದೆ, ಇದನ್ನು ಬಿಸಾಡಬಹುದೆಂದು ಮನೆಯವರು ಹೇಳಿದರಂತೆ. ಬೇಡ ಮಗು, ಆ ಮಬ್ಬನ್ನು ನೋಡಿ ಬಿಸಾಡಬೇಡ. ಮಸುಕಾದದ್ದು ಮೇಲಿನ ಅಲ್ಯೂಮಿನಿಯಂ ಲೇಪ ಮಾತ್ರ, ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಕೆಳಗಿನ ಗಾಜಿನ ಬಾಗು ಹಾಗೆಯೇ ಇದೆ. ಗಾಜಿನ ಮೇಲೆ ಗಾಜಿಟ್ಟು, ನಡುವೆ ಕಾರ್ಬೊರಂಡಂ ಪುಡಿ ಹಾಕಿ, ತಿಂಗಳುಗಟ್ಟಲೆ ಉಜ್ಜಿ, ರಾಳದ ಹಾಸಿನ ಮೇಲೆ ಹೊಳಪು ಕೊಟ್ಟು, ಬೆಳಕಿನ ಅಲೆಯ ನಾಲ್ಕನೆಯ ಒಂದು ಭಾಗದಷ್ಟೂ ತಪ್ಪದಂತೆ ತಂದ ಬಾಗು ಅದು. ಹೊಸ ಲೇಪ ಹಾಕಿಸಿದರೆ ಮತ್ತೆ ಹೊಸದರಂತೆ ನಡೆಯುತ್ತದೆ. ಸೆಲೆಸ್ಟ್ರಾನ್ ಮಾರಿ ಬಂದ ಹಣದಲ್ಲಿ ಮೊದಲು ಈ ಲೇಪ ಹಾಕಿಸು. ಆಮೇಲೆ ನಮ್ಮೂರ ಬಡಗಿಗೆ ಹೇಳಿ ಪ್ಲೈವುಡ್ಡಿನಲ್ಲಿ ಡಾಬ್ಸನ್ ಮಾದರಿಯ ಪೀಠ ಮಾಡಿಸು. ಅಮೆರಿಕದ ಜಾನ್ ಡಾಬ್ಸನ್ ಬಡವರಿಗೂ ಎಟುಕಲಿ ಎಂದು ರೂಢಿಗೆ ತಂದ ಸರಳ ಪೀಠ ಅದು. ಮೋಟಾರು ಬೇಡ, 12 ಡಿಗ್ರಿಯ ಲೆಕ್ಕ ಬೇಡ. ಮೂರು ಇಂಚಿನದಕ್ಕಿಂತ ಇದು ನಾಲ್ಕು ಪಟ್ಟು ಬೆಳಕು ಹಿಡಿಯುತ್ತದೆ. ಒಮೆಗಾ ಸೆಂಟಾರಿ ಚಿಕ್ಕ ಮಸೂರದಲ್ಲಿ ಮಂಜಿನ ಮುದ್ದೆ. ಇದರಲ್ಲಿ ಅಂಚಿನಿಂದ ಒಳಗಿನವರೆಗೆ ಚುಕ್ಕಿ ಚುಕ್ಕಿಯಾಗಿ ಬಿಡಿಸಿಕೊಳ್ಳುತ್ತದೆ. ಈ ಕನ್ನಡಿಗೆ ನಿನ್ನಲ್ಲಿ ಕೆಲಸವೂ ಇದೆ, ಇಂಥದು ಮತ್ತೊಂದು ಲೋಕದಲ್ಲಿಲ್ಲ ಎಂಬುದೂ ನಿಜ. ಎರಡೂ ಕೂಡಿಬಂದ ವಸ್ತುವನ್ನು ಮನೆ ಬಿಟ್ಟು ಕಳಿಸಬಾರದು. ದೊಡ್ಡಪ್ಪ ಬರೆದಿಟ್ಟ ವೀಕ್ಷಣೆಯ ನೋಟುಬುಕ್ಕುಗಳನ್ನೂ ಇದರ ಜತೆಗೇ ಇಡು. ಅವು ಒಂದು ಗೇಣು ಜಾಗವನ್ನೂ ಕೇಳುವುದಿಲ್ಲ.

ನನ್ನ ಅಭಿಪ್ರಾಯವನ್ನು ಹಾಗೆಯೇ ನಂಬಬೇಕಾಗಿಲ್ಲ. ಎರಡನ್ನೂ ಕೆಳಗಿನ ಕೋಣೆಯಿಂದ ತಾರಸಿಗೆ ನೀನೊಬ್ಬನೇ ಹೊತ್ತುಕೊಂಡು ಹೋಗಿ ನೋಡು. ಇಬ್ಬರು ಬೇಕಾದರೆ ಅದು ವರ್ಷಕ್ಕೊಮ್ಮೆಯೂ ಮೇಲೇರುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ಮಸೂರದೊಳಗೆ ನೋಡು. ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಜೇಡರ ಬಲೆಯ ಎಳೆಗಳಂತೆ ಹರಡಿದ್ದರೆ ಅದು ಬೂಷ್ಟು, ಬಲ್ಲವರ ಕೈಗೆ ಕೊಡಬೇಕು. ನೀನೇ ಬಿಚ್ಚಿದರೆ ಎರಡು ಗಾಜುಗಳ ಹಿಂದುಮುಂದು ತಪ್ಪಿ ಮಸೂರವೇ ಹಾಳಾದೀತು. ಆಮೇಲೆ ಹೊಳೆಯುವ ನಕ್ಷತ್ರವೊಂದನ್ನು ಹಿಡಿದು ಫೋಕಸನ್ನು ಸ್ವಲ್ಪ ಒಳಕ್ಕೂ ಸ್ವಲ್ಪ ಹೊರಕ್ಕೂ ತಿರುಗಿಸು. ಎರಡೂ ಕಡೆ ಉಂಗುರಗಳು ದುಂಡಗೆ, ಒಂದೇ ತೆರನಾಗಿದ್ದರೆ ಗಾಜು ಒಳ್ಳೆಯದು. ಯುನಿಟ್ರಾನ್ ಈ ಪರೀಕ್ಷೆಯಲ್ಲಿ ಸೋತು ಮಿಜಾರ್ ಗೆದ್ದರೆ ನನ್ನ ಮಾತು ಬಿಟ್ಟು ಮಿಜಾರನ್ನೇ ಇಟ್ಟುಕೊ.

ಉಳಿಸಿಕೊಂಡದ್ದನ್ನು ಕಾಪಾಡುವುದು ಕಷ್ಟವಲ್ಲ. ನಮ್ಮಲ್ಲಿ ಮುಂಗಾರೂ ಹಿಂಗಾರೂ ಎರಡೂ ಸುರಿಯುತ್ತವೆ. ಜೂನಿನಿಂದ ನವೆಂಬರಿನವರೆಗೆ ಗಾಳಿಯಲ್ಲಿ ತೇವವಿರುತ್ತದೆ. ಚರ್ಮದ, ಮಕಮಲ್ಲಿನ ಹಳೆಯ ಪೆಟ್ಟಿಗೆಗಳು ಆ ತೇವವನ್ನು ಹೀರಿಕೊಂಡು ಬೂಷ್ಟಿಗೆ ತವರಾಗುತ್ತವೆ. ಟೆಲಿಸ್ಕೋಪನ್ನು ಹತ್ತಿ ಬಟ್ಟೆ ಹೊದಿಸಿ ಗಾಳಿಯಾಡುವ ಕಡೆ ನಿಲ್ಲಿಸು, ಐಪೀಸುಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡು. ನಮ್ಮದು ರೇಷ್ಮೆಯ ಊರು. ಮನೆಯಲ್ಲಿ ನುಣುಪಾದ ತುಂಡು ಬಟ್ಟೆಗೆ ಬರವಿಲ್ಲ, ಆದರೂ ಮಸೂರವನ್ನು ಯಾವ ಬಟ್ಟೆಯಿಂದಲೂ ಒರೆಸಬೇಡ. ರಬ್ಬರ್ ಬುರುಡೆಯಿಂದ ಗಾಳಿ ಊದಿ ಧೂಳು ಹಾರಿಸಿದರೆ ಸಾಕು.

ಇನ್ನು ಕೊಡುವ ಮಾತು. ಹನೂರಿನ ಕಡೆ ರಾಮಾಪುರ, ಕೌದಳ್ಳಿಯ ಆಚೆ ಇನ್ನೂ ಕತ್ತಲೆ ಉಳಿದಿರುವ ಹಳ್ಳಿಗಳಿವೆ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೊರಡುವ ಜನ ನಾವು. ಅದೇ ಕತ್ತಲಲ್ಲಿ ಆಕಾಶಗಂಗೆ ತೋರಿಸುವ ಒಬ್ಬ ಮೇಷ್ಟ್ರು ಅಲ್ಲಿದ್ದರೆ ಮಿಜಾರ್ ಅವರಿಗೇ ಸೇರಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಿಂದ ಸೋಲಿಗರ ನಡುವೆ ಕೆಲಸ ಮಾಡುತ್ತಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯನ್ನೂ, ಯಳಂದೂರಿನ ಸರ್ಕಾರಿ ಪ್ರೌಢಶಾಲೆಗಳನ್ನೂ ಕೇಳಿ ನೋಡು. ಕಟ್ಟಡ ನೋಡಿ ಕೊಡಬೇಡ, ರಾತ್ರಿ ಮಕ್ಕಳ ಜತೆ ಹೊರಗೆ ನಿಲ್ಲುವ ಶಿಕ್ಷಕರಿದ್ದಾರೆಯೇ ಎಂದು ನೋಡಿ ಕೊಡು. ನೀನು ಮಾತ್ರ ನೋಡುವ ಹುಮ್ಮಸ್ಸಿನಲ್ಲಿ ರಾತ್ರಿ ಕಾಡಿನ ದಾರಿ ಹಿಡಿಯಬೇಡ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ, ಆನೆ ಓಡಾಡುವ ಜಾಗ. ಶಾಲೆಯ ಅಂಗಳವೇ ಸಾಕು.

ಮುರಿದದ್ದನ್ನು ದಾನ ಮಾಡಬೇಡ. ಸ್ಕ್ರೂ ಬಿಗಿಸಿ, ಅಡಾಪ್ಟರ್ ಹಾಕಿ, ಯಾವ ತಿಂಗಳಲ್ಲಿ ಎಲ್ಲಿ ಏನು ಕಾಣುತ್ತದೆ, ಸೂರ್ಯನ ವಿಚಾರದಲ್ಲಿ ಏನು ಮಾಡಬಾರದು ಎಂದು ತಿಳಿಗನ್ನಡದಲ್ಲಿ ಒಂದು ಪುಟ ಬರೆದು ಕೊಳವೆಗೆ ಕಟ್ಟು. ಇದೇನೂ ಹೊಸ ಪದ್ಧತಿಯಲ್ಲ. 1874ರ ಡಿಸೆಂಬರ್ 9ರಂದು ಶುಕ್ರ ಸೂರ್ಯಬಿಂಬವನ್ನು ಹಾಯುವುದಿತ್ತು. ಅದನ್ನು ಜನರಿಗೆ ತಿಳಿಸಲು ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಸಿದ್ಧಪಡಿಸಿದ ಪುಸ್ತಿಕೆ ಕನ್ನಡದಲ್ಲೂ ಬಂದಿತ್ತು. ದೊಡ್ಡ ಉಪಕರಣಗಳ ನಡುವೆ ದುಡಿದ ಆ ವಿದ್ವಾಂಸರಿಗೆ ಜನರ ಭಾಷೆಯಲ್ಲಿ ಹೇಳಬೇಕೆನಿಸಿತ್ತು. ನೀನು ಬರೆಯುವ ಒಂದು ಪುಟವೂ ಅದೇ ದಾರಿಯದು.

ಟೆಲಿಸ್ಕೋಪನ್ನು ಶಾಲೆಗೆ ಮುಟ್ಟಿಸಿ ರಶೀದಿ ತೆಗೆದುಕೊಂಡು ಬಂದರೆ ನಿನ್ನ ಕೆಲಸ ಮುಗಿಯಲಿಲ್ಲ. ಅದರ ಜತೆ ನಿನ್ನ ಒಂದು ರಾತ್ರಿಯನ್ನೂ ಕೊಡು. ಮೊದಲ ಮಗುವಿಗೆ ವಸಿಷ್ಠನನ್ನು ನೀನೇ ತೋರಿಸು. ಆ ಮಗು ಮತ್ತೊಂದು ಮಗುವಿಗೆ ತಾನೇ ಹುಡುಕಿ ತೋರಿಸುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಮನೆಗೆ ಬಾ. ಪಾಲುಪತ್ರಕ್ಕೆ ಸಹಿ ಬೀಳುವ ಮೊದಲೇ ಒಂದು ಹಾಳೆಯಲ್ಲಿ ಆರು ಟೆಲಿಸ್ಕೋಪುಗಳ ಹೆಸರು ಬರೆದು, ಒಂದೊಂದರ ಮುಂದೆ ಅದರ ಕೆಲಸವೇನು, ಅದು ಯಾರ ಕೈಗೆ ಹೋಗಬೇಕು ಎಂದು ಬರೆದುಕೊ. ಆ ಎರಡು ಸಾಲು ತುಂಬಿದ ಮೇಲೆ ನಿನಗೆ ಸಂಕಟ ಉಳಿಯುವುದಿಲ್ಲ, ನಿನ್ನ ದೊಡ್ಡಪ್ಪನ ಶ್ರಮವೂ ವ್ಯರ್ಥವಾಗುವುದಿಲ್ಲ.